‘ಅಬೇಟ್‌ಮೆಂಟ್’ ಅಂದರೆ ತಗ್ಗಿಸುವುದೋ, ತಡೆಯುವುದೋ, ತೆಗೆದುಹಾಕುವುದೋ?

ಹಸಿರುಕಡತ (ಪ್ರಶ್ನೆ)

ಮಾಲಿನ್ಯ ನಿಯಂತ್ರಣದ ವರದಿಗಳನ್ನು ಕನ್ನಡಕ್ಕೆ ತರುವಾಗ ‘ಅಬೇಟ್‌ಮೆಂಟ್’ ಎಂಬ ಪದ ಪುಟಕ್ಕೊಂದು ಅರ್ಥ ಕೊಡುತ್ತಿದೆ. ಒಂದು ಕಡೆ ‘ಡಸ್ಟ್ ಅಬೇಟ್‌ಮೆಂಟ್ ಸಿಸ್ಟಮ್’ ಎಂದು ಯಂತ್ರವನ್ನೇ ಕರೆದಿದ್ದಾರೆ. ಇನ್ನೊಂದು ಕಡೆ ‘ಅಬೇಟ್‌ಮೆಂಟ್ ಎಫಿಶಿಯೆನ್ಸಿ ಶೇ 99’. ಮತ್ತೊಂದರಲ್ಲಿ ‘ಅಬೇಟ್‌ಮೆಂಟ್ ಕಾಸ್ಟ್’ ಎಂಬ ನಕ್ಷೆ. ಕಾನೂನಿನ ಕಾಗದದಲ್ಲಿ ‘ಅಬೇಟ್‌ಮೆಂಟ್ ನೋಟಿಸ್’, ಹಳೆ ಕಟ್ಟಡದ ಕಡತದಲ್ಲಿ ‘ಆಸ್ಬೆಸ್ಟಾಸ್ ಅಬೇಟ್‌ಮೆಂಟ್’, ಹವಾಮಾನದ ಸುದ್ದಿಯಲ್ಲಿ ‘ಅನ್‌ಅಬೇಟೆಡ್ ಕಲ್ಲಿದ್ದಲು’. ನಿಘಂಟು ತೆರೆದರೆ ತಗ್ಗುವಿಕೆ, ಶಮನ, ನಿವಾರಣೆ, ರದ್ದತಿ ಎಲ್ಲವೂ ಇವೆ.

ಕೇಳಬೇಕಾದ್ದು ಮೂರು. ಇದು ತಡೆಗಟ್ಟುವಿಕೆ, ನಿಯಂತ್ರಣ, ಪರಿಹಾರ ಕ್ರಮ ಇವುಗಳಿಂದ ಎಲ್ಲಿ ಬೇರೆಯಾಗುತ್ತದೆ? ಆ ಶೇಕಡಾವಾರನ್ನು ಲೆಕ್ಕ ಹಾಕುವುದು ಹೇಗೆ? ಕಾಗದದಲ್ಲಿ ಶೇ 99 ಇದ್ದರೂ ಚಿಮಣಿಯ ಬಾಯಲ್ಲಿ ಅದು ಯಾಕೆ ಕಾಣುವುದಿಲ್ಲ? ಕೊನೆಯದಕ್ಕೆ ಸ್ವಲ್ಪ ವಿವರವಾಗಿ ಉತ್ತರ ಬೇಕು.

ಚಿಮಣಿಲೆಕ್ಕ (ಉತ್ತರ)

ಪದದ ಬೇರಿನಿಂದ ಶುರು ಮಾಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಹಳೆಯ ಫ್ರೆಂಚಿನಲ್ಲಿ ಇದರ ಮೂಲ ಕ್ರಿಯಾಪದಕ್ಕೆ ಬಡಿದು ಕೆಳಗಿಳಿಸು, ಹೊಡೆದು ಕೆಡವು ಎಂಬ ಅರ್ಥ. ಅಂದರೆ ಏನೋ ಒಂದು ಆಗಲೇ ಎದ್ದು ನಿಂತಿದೆ, ಅದನ್ನು ಇಳಿಸುತ್ತಿದ್ದೇವೆ. ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂಬ ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಅಬೇಟ್‌ಮೆಂಟ್. ಯಂತ್ರವನ್ನು ಆ ಹೆಸರಿನಿಂದ ಕರೆಯುವುದು ರೂಢಿಯ ಮಾತು ಅಷ್ಟೆ; ಯಂತ್ರ ನಿಂತಿದ್ದರೆ ಅಲ್ಲಿ ಯಾವ ಅಬೇಟ್‌ಮೆಂಟೂ ಇಲ್ಲ.

ಒಂದೇ ಉದಾಹರಣೆಯಲ್ಲಿ ನಾಲ್ಕೂ ಪದಗಳನ್ನು ಇಟ್ಟು ನೋಡಿ. ಲೋಹದ ಭಾಗಗಳಿಗೆ ದ್ರಾವಕವಿರುವ ಬಣ್ಣ ಹೊಡೆಯುವ ಒಂದು ಬೂತ್ ಇದೆ ಎನ್ನಿ. ದ್ರಾವಕ ಬಿಟ್ಟು ನೀರಿನಲ್ಲಿ ಕದಡುವ ಬಣ್ಣಕ್ಕೆ ಬದಲಾದರೆ ಅದು ತಡೆಗಟ್ಟುವಿಕೆ, ಏಕೆಂದರೆ ಆವಿ ಹುಟ್ಟುವುದೇ ಕಡಿಮೆಯಾಯಿತು. ಹುಟ್ಟಿದ ಆವಿಯನ್ನು ಡಕ್ಟಿನಲ್ಲಿ ಎಳೆದು ಸುಮಾರು 800 °ಸೆ.ನಲ್ಲಿ ಸುಟ್ಟು ಹೊರಬಿಟ್ಟರೆ ಅಬೇಟ್‌ಮೆಂಟ್. ಡ್ರಮ್ಮಿನಿಂದ ಸೋರಿ ನೆಲಕ್ಕಿಳಿದ ದ್ರಾವಕವನ್ನು ಮಣ್ಣಿನಿಂದ ಹೊರತೆಗೆದರೆ ಅದು ಪರಿಹಾರ ಕ್ರಮ, ಅಂದರೆ ರೆಮಿಡಿಯೇಶನ್. ಇವೆಲ್ಲವನ್ನೂ ನಡೆಸುವ ಮಿತಿ, ಪರವಾನಗಿ, ಅಳತೆ, ತಪಾಸಣೆಗಳ ಒಟ್ಟು ವ್ಯವಸ್ಥೆಗೆ ನಿಯಂತ್ರಣ ಎನ್ನುತ್ತಾರೆ. ಅರ್ಥಶಾಸ್ತ್ರದವರು ಮಾತ್ರ ಪದವನ್ನು ಹಿಗ್ಗಿಸಿ ಬಳಸುತ್ತಾರೆ. ಹೊರಸೂಸುವಿಕೆ ಯಾವ ದಾರಿಯಿಂದ ಕಡಿಮೆಯಾದರೂ, ಬಣ್ಣ ಬದಲಿಸಿಯೇ ಆಗಲಿ, ಅವರ ಲೆಕ್ಕದಲ್ಲಿ ಅದು ಅಬೇಟ್‌ಮೆಂಟೇ.

ಚಿಮಣಿಯನ್ನು ಎತ್ತರಿಸುವುದು ಇವುಗಳಲ್ಲಿ ಯಾವುದೂ ಅಲ್ಲ. ಎತ್ತರದಿಂದ ಬಿಟ್ಟರೆ ನೆಲಮಟ್ಟದ ಸಾಂದ್ರತೆ ಇಳಿಯುತ್ತದೆ, ನಿಜ. ಆದರೆ ಗಂಟೆಗೆ ಹೊರಹೋಗುವ ಕಿಲೋ ಅಷ್ಟೇ ಇರುತ್ತದೆ. ಅದನ್ನು ಅಬೇಟ್‌ಮೆಂಟ್ ಪಟ್ಟಿಯಲ್ಲಿ ಸೇರಿಸಿದ ವರದಿ ಕಂಡರೆ ಹೊಡೆದುಹಾಕಿ.

ಈಗ ಲೆಕ್ಕ. ಯಾವಾಗಲೂ ಹೊರೆಯಲ್ಲಿ ಲೆಕ್ಕ ಹಾಕಬೇಕು, ಬರೀ ಸಾಂದ್ರತೆಯಲ್ಲಿ ಅಲ್ಲ. ಹೊರೆ ಅಂದರೆ ಸಾಂದ್ರತೆ ಗುಣಿಸು ಹರಿವು. ಶೋಧಕಕ್ಕೆ ಗಂಟೆಗೆ 20,000 ನಾರ್ಮಲ್ ಘನ ಮೀಟರ್ (0 °ಸೆ.ಗೆ ಇಳಿಸಿದ ಲೆಕ್ಕ) ಅನಿಲ ಬರುತ್ತಿದೆ, ಪ್ರತಿ ಘನ ಮೀಟರಿನಲ್ಲಿ 5 ಗ್ರಾಂ ಧೂಳಿದೆ ಎಂದುಕೊಳ್ಳಿ. ಒಳಬರುವ ಹೊರೆ ಗಂಟೆಗೆ 100 ಕಿ.ಗ್ರಾಂ. ಹೊರಗೆ ಘನ ಮೀಟರಿಗೆ 50 ಮಿ.ಗ್ರಾಂ. ಸಿಕ್ಕರೆ ಗಂಟೆಗೆ 1 ಕಿ.ಗ್ರಾಂ. ತಗ್ಗಿದ್ದು 99 ಕಿ.ಗ್ರಾಂ., ದಕ್ಷತೆ ಶೇ 99. ಈ ಅನಿಲಕ್ಕೆ ಅಷ್ಟೇ ಪ್ರಮಾಣದ ಹೊರಗಾಳಿ ಬೆರೆಸಿ ನೋಡಿ, ಮೀಟರು 25 ಮಿ.ಗ್ರಾಂ. ತೋರಿಸುತ್ತದೆ. ಗಂಟೆಗೆ ಹೋಗುವುದು ಆಗಲೂ ಅದೇ 1 ಕಿ.ಗ್ರಾಂ. ನೀರು ಬೆರೆಸಿದ ಮಜ್ಜಿಗೆ ತೆಳ್ಳಗಾಗುತ್ತದೆ, ಅದರಲ್ಲಿದ್ದ ಉಪ್ಪು ಎಲ್ಲಿಗೂ ಹೋಗುವುದಿಲ್ಲ.

ಸುಡುವ ಘಟಕಗಳಲ್ಲಿ ಆಮ್ಲಜನಕದ ತಿದ್ದುಪಡಿ ಇರುವುದು ಈ ತೆಳುಗೊಳಿಸುವಿಕೆಯನ್ನು ಹಿಡಿಯಲಿಕ್ಕೇ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21; ಉಲ್ಲೇಖ ಆಮ್ಲಜನಕ ಅಂದರೆ ನಿಯಮ ಗೊತ್ತುಮಾಡಿದ ಪ್ರಮಾಣ. ಅಳೆದ ಸಾಂದ್ರತೆಯನ್ನು (21 − ಉಲ್ಲೇಖ ಆಮ್ಲಜನಕ) ÷ (21 − ಅಳೆದ ಆಮ್ಲಜನಕ) ಇಂದ ಗುಣಿಸುತ್ತೇವೆ. ಮೀಟರು 40 ಮಿ.ಗ್ರಾಂ. ತೋರಿಸುತ್ತಿದೆ, ಅನಿಲದಲ್ಲಿ ಶೇ 12 ಆಮ್ಲಜನಕವಿದೆ, ಉಲ್ಲೇಖ ಶೇ 6 ಎಂದಾದರೆ 40 × 15 ÷ 9, ಅಂದರೆ 66.7 ಮಿ.ಗ್ರಾಂ. ಮಿತಿ 50 ಇದ್ದ ಕಡೆ ಈ ಘಟಕ ಪಾಸಲ್ಲ. ಉಲ್ಲೇಖ ಆಮ್ಲಜನಕ, ತಾಪಮಾನ, ಒಣ ಅನಿಲವೋ ತೇವದ್ದೋ ಇವು ಮೂರೂ ಇಲ್ಲದ ಸಾಂದ್ರತೆಯ ಅಂಕಿಯನ್ನು ಅನುವಾದಿಸುವಾಗ ಅಲ್ಲೇ ಗುರುತು ಹಾಕಿ ವಾಪಸ್ ಕೇಳಿ.

ಶೇ 99 ಕಾಣದಿರುವುದಕ್ಕೆ ಎರಡು ದೊಡ್ಡ ಕಾರಣ ಯಂತ್ರದ ಹೊರಗೇ ಇವೆ. ಮೊದಲನೆಯದು ಹಿಡಿತ. ಶೋಧಕ ತನ್ನೊಳಗೆ ಬಂದದ್ದರಲ್ಲಿ ಶೇ 99 ಹಿಡಿಯುತ್ತದೆ. ಹುಡ್, ಅಂದರೆ ಮೂಲದ ಬಳಿಯ ಹೀರುವ ಬಾಯಿ, ಅಲ್ಲಿನ ಧೂಳಿನಲ್ಲಿ ಶೇ 80 ಮಾತ್ರ ಎಳೆಯುತ್ತಿದ್ದರೆ ಒಟ್ಟು ತಗ್ಗಿದ್ದು 0.80 × 0.99, ಅಂದರೆ ಶೇ 79.2. ಉಳಿದದ್ದು ಶೆಡ್ಡಿನ ಬಾಗಿಲು ಕಿಟಕಿಗಳಿಂದ ಹೋಗುತ್ತದೆ, ಕೆಲಸಗಾರರ ಎದೆಗೂ ಹೋಗುತ್ತದೆ, ಯಾವ ಮೀಟರಿಗೂ ಸಿಗುವುದಿಲ್ಲ. ಹೀರುವ ಬಾಯಿಯಿಂದ ಅದರ ಒಂದು ವ್ಯಾಸದಷ್ಟು ದೂರ ಸರಿದರೆ ಸಾಕು, ಗಾಳಿಯ ವೇಗ ಬಾಯಿಯಲ್ಲಿದ್ದುದರ ಸುಮಾರು ಹತ್ತನೇ ಒಂದು ಪಾಲಿಗೋ ಅದಕ್ಕೂ ಕೆಳಗೋ ಇಳಿದಿರುತ್ತದೆ. ಹುಡ್ಡನ್ನು ಒಂದು ಗೇಣು ಹತ್ತಿರ ತರುವುದು ಎಷ್ಟೋ ಸಲ ಹೊಸ ಫ್ಯಾನ್ ಹಾಕುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯದು ಬೈಪಾಸ್, ಅಂದರೆ ಅನಿಲ ಶೋಧಕವನ್ನು ತಪ್ಪಿಸಿ ನೇರ ಚಿಮಣಿಗೆ ಹೋಗುವ ದಾರಿ. ಮೇಲಿನ ಶೋಧಕವೇ ವರ್ಷದ 8,760 ಗಂಟೆಯೂ ನಡೆದರೆ ಹೊರಹೋಗುವುದು 8,760 ಕಿ.ಗ್ರಾಂ. ಶೇ 2ರಷ್ಟು ಹೊತ್ತು, ಅಂದರೆ ಸುಮಾರು 175 ಗಂಟೆ, ಆ ದಾರಿಯ ಕದ (ಡ್ಯಾಂಪರ್) ತೆರೆದಿತ್ತು ಎನ್ನಿ. ಆ ಹೊತ್ತಿನಲ್ಲೇ 17,520 ಕಿ.ಗ್ರಾಂ. ಹೋಯಿತು. ಉಳಿದ ಹೊತ್ತಿನದು 8,585. ಒಟ್ಟು 26,105 ಕಿ.ಗ್ರಾಂ., ಮೂರು ಪಟ್ಟು. ವರ್ಷದ ನಿಜವಾದ ದಕ್ಷತೆ ಶೇ 97ಕ್ಕೆ ಬಂತು. ಸ್ಟಾರ್ಟಪ್, ಶಟ್‌ಡೌನ್, ಬೈಪಾಸ್ ಗಂಟೆಗಳನ್ನು ಬಿಟ್ಟು ಬರೆದ ವಾರ್ಷಿಕ ಅಂಕಿಯನ್ನು ನಂಬುವ ಹಾಗೇ ಇಲ್ಲ.

ಗಾಳಿಚೀಲ (ಉತ್ತರ)

ಹೊರಗಿನ ಕಾರಣ ಅವರು ಹೇಳಿದರು. ನಾನು ಶೋಧಕದ ಒಳಗಿನದನ್ನು ಹೇಳುತ್ತೇನೆ. ಬ್ಯಾಗ್ ಫಿಲ್ಟರನ್ನೇ, ಅಂದರೆ ಬಟ್ಟೆಯ ಚೀಲಗಳಿಂದ ಸೋಸುವ ಶೋಧಕವನ್ನೇ, ತೆಗೆದುಕೊಳ್ಳೋಣ, ಅದೇ 20,000 ನಾರ್ಮಲ್ ಘನ ಮೀಟರ್.

ಮೊದಲ ತಪ್ಪು ಆರ್ಡರ್ ಕೊಡುವ ಕಾಗದದಲ್ಲೇ ನಡೆಯುತ್ತದೆ. ನಾರ್ಮಲ್ ಅಂದರೆ 0 °ಸೆ. ಲೆಕ್ಕ. ಅನಿಲ 120 °ಸೆ.ನಲ್ಲಿ ಬರುತ್ತಿದ್ದರೆ ಅದು 393 ÷ 273ರಷ್ಟು ಉಬ್ಬಿ ಗಂಟೆಗೆ ಸುಮಾರು 28,800 ಘನ ಮೀಟರ್ ಆಗಿರುತ್ತದೆ. ಬಟ್ಟೆಯ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 1 ಘನ ಮೀಟರ್ ಎಂಬ ಹದವಾದ ಪ್ರಮಾಣ ಹಿಡಿದರೆ 480 ಚದರ ಮೀಟರ್ ಬಟ್ಟೆ ಬೇಕು. 150 ಮಿ.ಮೀ. ವ್ಯಾಸ, 3 ಮೀಟರ್ ಉದ್ದದ ಚೀಲಕ್ಕೆ 1.41 ಚದರ ಮೀಟರ್ ಬಟ್ಟೆ, ಹಾಗಾಗಿ 340 ಚೀಲ. ನಾರ್ಮಲ್ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದವರು 236 ಚೀಲಕ್ಕೆ ಕೈತೊಳೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಶೋಧಕ ಜೀವನಪೂರ್ತಿ ಏದುಸಿರು ಬಿಡುತ್ತದೆ. ವೇಗ ಹೆಚ್ಚು, ಧೂಳು ಬಟ್ಟೆಯ ಒಳಕ್ಕೆ ನಾಟುತ್ತದೆ, ಒತ್ತಡ ಏರುತ್ತದೆ, ಪಲ್ಸ್ (ಧೂಳು ಉದುರಿಸಲು ಚೀಲದೊಳಕ್ಕೆ ಬಿಡುವ ಒತ್ತಡದ ಗಾಳಿಯ ಹೊಡೆತ) ಹೆಚ್ಚು ಹೊಡೆಯಬೇಕಾಗುತ್ತದೆ, ಚೀಲ ಒಳಗಿನ ತಂತಿಯ ಪಂಜರಕ್ಕೆ ಉಜ್ಜಿ ಹರಿಯುತ್ತದೆ.

ಧೂಳನ್ನು ನಿಜವಾಗಿ ಹಿಡಿಯುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಮೇಲೆ ಕೂತ ಧೂಳಿನ ಪದರ. ಆದ್ದರಿಂದ ಹೊಸ ಚೀಲ ಹಾಕಿದ ದಿನ ಹೊರಸೂಸುವಿಕೆ ಏರಿರುತ್ತದೆ. ಸುಣ್ಣದ ಕಲ್ಲಿನ ಪುಡಿಯನ್ನು ಮೊದಲು ಊದಿ ಪದರ ಕೂರಿಸಿ, ಆಮೇಲೆ ಕೊಳೆ ಅನಿಲ ಬಿಡಬೇಕು. ಇದೇ ಕಾರಣಕ್ಕೆ ಅತಿಯಾಗಿ ಶುಚಿ ಮಾಡುವುದೂ ತಪ್ಪು. ಟೈಮರಿನಲ್ಲಿ ಸುಮ್ಮನೆ ಹೊಡೆಯುತ್ತಲೇ ಇರುವ ಪಲ್ಸ್ ಪದರವನ್ನು ಉದುರಿಸಿ ಬಟ್ಟೆಯನ್ನು ಬೆತ್ತಲೆ ಮಾಡುತ್ತದೆ. ಚೀಲದ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು, ಅಂದರೆ ಡಿಪಿಯನ್ನು ನೋಡಿಕೊಂಡು ಹೊಡೆಯುವ ಹಾಗೆ ಸೆಟ್ ಮಾಡಬೇಕು. ಸಾಮಾನ್ಯವಾಗಿ ಡಿಪಿ 100ರಿಂದ 150 ಮಿ.ಮೀ. ನೀರಿನ ಮಟ್ಟದಲ್ಲಿ ಓಡಾಡುತ್ತಿದ್ದರೆ ಹದ.

ಡಿಪಿ ಬಹಳಷ್ಟನ್ನು ಹೇಳುತ್ತದೆ, ಓದಲು ಬರಬೇಕು. ಏರಿ 200 ದಾಟಿದರೆ ಬಟ್ಟೆ ಕಟ್ಟಿಕೊಂಡಿದೆ, ಇಲ್ಲವೇ ಪಲ್ಸ್ ಗಾಳಿ ತಲುಪುತ್ತಿಲ್ಲ. ಪಲ್ಸ್ ಗಾಳಿ ತುಂಬಿಡುವ ಹೆಡರ್ ಕೊಳವೆಯಲ್ಲಿ 5ರಿಂದ 6 ಬಾರ್ ಒಣ ಗಾಳಿ ಇರಬೇಕು. ಒಂದೇ ಒಂದು ಡಯಾಫ್ರಾಮ್ ವಾಲ್ವ್ ಸರಿಯಾಗಿ ಮುಚ್ಚದೆ ಸೋರುತ್ತಿದ್ದರೆ ಇಡೀ ಹೆಡರ್ ಬರಿದಾಗಿ ಎಲ್ಲ ಸಾಲುಗಳ ಹೊಡೆತವೂ ಪೊಳ್ಳಾಗುತ್ತದೆ. ಪಕ್ಕದಲ್ಲಿ ನಿಂತು ಕೇಳಿದರೆ ಗೊತ್ತಾಗುತ್ತದೆ. ಸರಿಯಾದ ಪಲ್ಸ್ ‘ಟಪ್’ ಎಂದು ಚುಟುಕಾಗಿ ಮುಗಿಯುತ್ತದೆ, ಕೆಟ್ಟದ್ದು ‘ಫುಸ್ಸ್’ ಎಂದು ಎಳೆಯುತ್ತದೆ. ಕಂಪ್ರೆಸರಿನ ನೀರು, ಎಣ್ಣೆ ಗಾಳಿಯ ಜತೆ ಬಂದರೆ ಚೀಲದ ಒಳಮೈ ಅಂಟಂಟಾಗಿ ಯಾವ ಪಲ್ಸಿಗೂ ಬಗ್ಗುವುದಿಲ್ಲ. ಇನ್ನು ಡಿಪಿ ಇದ್ದಕ್ಕಿದ್ದಂತೆ ಕುಸಿದು ಚಿಮಣಿಯಲ್ಲಿ ಧೂಳು ಕಂಡರೆ ಚೀಲ ಹರಿದಿದೆ ಅಥವಾ ಕೂರುವ ಜಾಗದಿಂದ ಜಾರಿದೆ.

ಚಿಕ್ಕ ತೂತನ್ನು ಕಡೆಗಣಿಸಬೇಡಿ. 150 ಮಿ.ಮೀ. ಡಿಪಿಯಲ್ಲಿ 25 ಮಿ.ಮೀ. ವ್ಯಾಸದ ಒಂದು ತೂತಿನಿಂದ ಗಂಟೆಗೆ ಅಂದಾಜು 60 ಘನ ಮೀಟರ್ ಶೋಧಿಸದ ಅನಿಲ ನುಗ್ಗುತ್ತದೆ. ಮೇಲಿನ ಧೂಳಿನ ಲೆಕ್ಕದಲ್ಲಿ (ಬಿಸಿಯಲ್ಲಿ ಉಬ್ಬಿದ ಅನಿಲದ ಘನ ಮೀಟರಿಗೆ ಸುಮಾರು 3.5 ಗ್ರಾಂ) ಅದು ಗಂಟೆಗೆ ಸುಮಾರು 200 ಗ್ರಾಂ. ಒಟ್ಟು 1 ಕಿ.ಗ್ರಾಂ. ಬಿಡಬೇಕಾದ ಶೋಧಕಕ್ಕೆ 340 ಚೀಲಗಳಲ್ಲಿ ಒಂದರ ಒಂದು ತೂತೇ ಐದನೇ ಒಂದು ಪಾಲು ಸೇರಿಸಿತು. ಆಗ ಡಿಪಿ ಗಮನಕ್ಕೆ ಬರುವಷ್ಟು ಕದಲುವುದೇ ಇಲ್ಲ. ಹುಡುಕುವ ಕ್ರಮ ಹೀಗಿದೆ: ಒಳಬರುವ ಡಕ್ಟಿಗೆ ಹೊಳೆಯುವ ಟ್ರೇಸರ್ ಪುಡಿ ಊದಿ, ಫ್ಯಾನ್ ನಿಲ್ಲಿಸಿ, ಮೇಲಿನ ಮುಚ್ಚಳ ತೆರೆದು ಅತಿನೇರಳೆ ದೀಪ ಹಿಡಿಯುವುದು. ಎಲ್ಲಿ ಸೋರಿದೆಯೋ ಆ ಚೀಲದ ಬಾಯಿ ಮಿನುಗುತ್ತದೆ.

ತಾಪಮಾನಕ್ಕೆ ಮೇಲೂ ಮಿತಿ ಉಂಟು, ಕೆಳಗೂ ಉಂಟು. ಪಾಲಿಯೆಸ್ಟರ್ ಚೀಲ ನಿರಂತರವಾಗಿ 130 °ಸೆ. ತನಕ ತಡೆಯುತ್ತದೆ, ಆದರೆ ಬಿಸಿಯ ಜತೆ ತೇವವಿದ್ದರೆ ಅದಕ್ಕೂ ಎಷ್ಟೋ ಮೊದಲೇ ನೂಲು ಮುರಿದು ಕಾಗದದಂತೆ ಹರಿಯುತ್ತದೆ. ಕೆಳಗಿನ ಮಿತಿಯನ್ನು ಮರೆಯುವವರೇ ಹೆಚ್ಚು. ಗಂಧಕವಿರುವ ಇಂಧನದ ಅನಿಲದಲ್ಲಿ ಆಮ್ಲದ ಹನಿಗಟ್ಟುವ ಬಿಂದು ಬಹುಪಾಲು 120ರಿಂದ 150 °ಸೆ. ನಡುವೆ ಇರುತ್ತದೆ. ಅದಕ್ಕಿಂತ ತಣ್ಣಗಾದರೆ ಸಲ್ಫ್ಯೂರಿಕ್ ಆಮ್ಲ ಚೀಲ, ಪಂಜರ, ಹಾಪರ್ (ಕೆಳಗೆ ಧೂಳು ಬೀಳುವ ಆಲಿಕೆ) ಎಲ್ಲವನ್ನೂ ತಿನ್ನುತ್ತದೆ. ಅಂಥ ಕಡೆ ಪಾಲಿಯೆಸ್ಟರ್ ಹಾಕುವ ಮಾತೇ ಇಲ್ಲ, 260 °ಸೆ. ತಡೆಯುವ ಗಾಜಿನ ನೂಲಿನಂಥ ಬಟ್ಟೆ ಬೇಕು.

ಕೊನೆಗೆ ಹಾಪರ್. ಚೀಲದಿಂದ ಉದುರಿದ ಧೂಳನ್ನು ಹಾಪರಿನಲ್ಲೇ ಪೇರಿಸಿಟ್ಟರೆ ಒಳಬರುವ ಗಾಳಿ ಅದನ್ನು ಮತ್ತೆ ಮೇಲಕ್ಕೆಬ್ಬಿಸುತ್ತದೆ. ಗಾಳಿ ಬಿಡದೆ ಧೂಳನ್ನಷ್ಟೇ ಇಳಿಸುವ ಕೆಳಗಿನ ರೋಟರಿ ಏರ್‌ಲಾಕಿನ ಅಂಚು ಸವೆದಿದ್ದರೆ ಹೊರಗಾಳಿ ಒಳನುಗ್ಗಿ ಧೂಳು ಇಳಿಯಲು ಬಿಡುವುದಿಲ್ಲ. ಇಷ್ಟೆಲ್ಲ ಪಾರಾಗಿ ಗೋಣಿಚೀಲಕ್ಕೆ ತುಂಬಿದ ಧೂಳನ್ನು ಬಯಲಿನಲ್ಲಿ ಸುರಿದರೆ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಆ ದಿನದ ತಗ್ಗಿಸುವಿಕೆ ಸೊನ್ನೆ ಎಂದೇ ಬರೆಯಬೇಕು.

ತಿಳಿನೀರು (ಉತ್ತರ)

ಗಾಳಿಚೀಲ ಅವರ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ, ಏಕೆಂದರೆ ನೀರಿನ ಕಡೆ ಇದೇ ಮುಖ್ಯ ಪ್ರಶ್ನೆ: ತಗ್ಗಿದ್ದು ಎಲ್ಲಿಗೆ ಹೋಯಿತು?

ದಿನಕ್ಕೆ 500 ಘನ ಮೀಟರ್ ಕೊಳಚೆ, ಲೀಟರಿಗೆ 300 ಮಿ.ಗ್ರಾಂ. ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ). ಹೊರೆ 150 ಕಿ.ಗ್ರಾಂ. ಸಂಸ್ಕರಿಸಿದ ಮೇಲೆ 30 ಮಿ.ಗ್ರಾಂ., ಅಂದರೆ 15 ಕಿ.ಗ್ರಾಂ. 135 ಕಿ.ಗ್ರಾಂ. ತಗ್ಗಿತು, ಶೇ 90. ಅದರಲ್ಲಿ ಒಂದು ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು, ಇನ್ನೊಂದು ಭಾಗ ಬ್ಯಾಕ್ಟೀರಿಯಾಗಳ ಮೈಯಾಯಿತು. ತೆಗೆದ ಪ್ರತಿ ಕಿಲೋ ಬಿಒಡಿಗೆ ಒಣ ತೂಕದಲ್ಲಿ ಸುಮಾರು ಅರ್ಧ ಕಿಲೋ ಸ್ಲಡ್ಜ್ ಹುಟ್ಟುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 67 ಕಿ.ಗ್ರಾಂ. ಅದರಲ್ಲಿ ಘನ ಪದಾರ್ಥ ಶೇ 1 ಮಾತ್ರ ಇರುವುದರಿಂದ ನಿಜವಾಗಿ ಕೈಗೆ ಸಿಗುವುದು ದಿನಕ್ಕೆ 6.7 ಘನ ಮೀಟರ್ ತೆಳು ಕೆಸರು. ಯಾವುದೇ ಘಟಕದ ಸ್ಲಡ್ಜ್ ದಾಖಲೆ ಕೇಳಿ ನೋಡಿ. ಶೇ 90 ತೆಗೆದೆವು ಎನ್ನುತ್ತಾ ತಿಂಗಳುಗಟ್ಟಲೆ ಕೆಸರನ್ನೇ ಹೊರಹಾಕದಿದ್ದರೆ ಅದು ಸೆಟ್ಲಿಂಗ್ ಟ್ಯಾಂಕಿನಿಂದ ಉಕ್ಕಿ ಹೊರನೀರಿನ ಜತೆ ಹೋಗಿರುತ್ತದೆ, ಹೆಚ್ಚಾಗಿ ಹರಿವು ಜೋರಾದ ಹೊತ್ತಿನಲ್ಲಿ. ಮಧ್ಯಾಹ್ನ ಒಮ್ಮೆ ಹಿಡಿದ ಬಾಟಲಿಯಲ್ಲಿ ಅದು ಸಿಗುವುದಿಲ್ಲ. 24 ಗಂಟೆ ಹರಿವಿಗೆ ತಕ್ಕಂತೆ ಸಂಗ್ರಹಿಸಿದ ಮಿಶ್ರ ಮಾದರಿಯೇ ಬೇಕು.

ಅಮೋನಿಯಾ ಇನ್ನೂ ಸೂಕ್ಷ್ಮ. ಪ್ರತಿ ಕಿಲೋ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಕಿ.ಗ್ರಾಂ. ಆಮ್ಲಜನಕ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಕಿ.ಗ್ರಾಂ. ಕ್ಷಾರೀಯತೆ (ಆಮ್ಲವನ್ನು ತಣಿಸುವ ಶಕ್ತಿ) ಖರ್ಚಾಗುತ್ತದೆ. ಲೀಟರಿಗೆ 40 ಮಿ.ಗ್ರಾಂ. ಇದ್ದರೆ ನಮ್ಮ ಘಟಕಕ್ಕೆ ದಿನಕ್ಕೆ 20 ಕಿ.ಗ್ರಾಂ. ಸಾರಜನಕ, 91 ಕಿ.ಗ್ರಾಂ. ಆಮ್ಲಜನಕ, 143 ಕಿ.ಗ್ರಾಂ. ಕ್ಷಾರೀಯತೆ. ಕ್ಷಾರೀಯತೆ ಮುಗಿದ ಕೂಡಲೇ ಪಿಎಚ್ ಕುಸಿಯುತ್ತದೆ, ಆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಗಾಳಿ ಊದುವ ಬ್ಲೋವರ್ ಎಷ್ಟು ಜೋರಾಗಿ ಓಡಿಸಿದರೂ ಪ್ರಯೋಜನವಿಲ್ಲ, ಹಾಕಬೇಕಾದ್ದು ಸೋಡಾ ಅಥವಾ ಸುಣ್ಣ. ಎಲ್ಲ ಸರಿಯಾಗಿ ನಡೆದರೂ ತಗ್ಗಿದ್ದು ಅಮೋನಿಯಾ ಮಾತ್ರ. ಸಾರಜನಕ ನೈಟ್ರೇಟ್ ರೂಪದಲ್ಲಿ ನೀರಿನಲ್ಲೇ ಇದೆ. ಗಾಳಿ ಇಲ್ಲದ ಹಂತದಲ್ಲಿ ಅದನ್ನು ಸಾರಜನಕ ಅನಿಲವಾಗಿಸಿದಾಗಲೇ ‘ಒಟ್ಟು ಸಾರಜನಕ ತಗ್ಗಿತು’ ಎನ್ನಬಹುದು. ಅರ್ಧಂಬರ್ಧ ನಡೆದರೆ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ, ಅದು 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿಯೇರಿಸುವ ಅನಿಲ. ಆದ್ದರಿಂದ ಅನುವಾದದಲ್ಲಿ ‘ಯಾವುದರ’ ಅಬೇಟ್‌ಮೆಂಟ್ ಎಂಬುದನ್ನು ಬಿಡಲೇಬಾರದು.

ಗಾಳಿಯಿಂದ ತೆಗೆದದ್ದೂ ಹೀಗೆಯೇ ರೂಪ ಬದಲಿಸುತ್ತದೆ. ಸುಣ್ಣದ ಕಲ್ಲಿನ ಸ್ಕ್ರಬ್ಬರಿನಲ್ಲಿ, ಅಂದರೆ ಆ ಕಲ್ಲು ಕದಡಿದ ನೀರಿನಿಂದ ಅನಿಲವನ್ನು ತೊಳೆಯುವ ಘಟಕದಲ್ಲಿ, 100 ಕಿ.ಗ್ರಾಂ. ಸಲ್ಫರ್ ಡೈಆಕ್ಸೈಡ್ ಹಿಡಿಯಲು ಶುದ್ಧ ಕಲ್ಲು 156 ಕಿ.ಗ್ರಾಂ. ಬೇಕು, 269 ಕಿ.ಗ್ರಾಂ. ಜಿಪ್ಸಮ್ ಬರುತ್ತದೆ, ಜತೆಗೆ 69 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಹೊಸದಾಗಿ ಹೊರಡುತ್ತದೆ. ಜಿಪ್ಸಮ್ಮಿಗೆ ಜಾಗ ಗೊತ್ತುಮಾಡದೆ ಸ್ಕ್ರಬ್ಬರ್ ಕಟ್ಟಿದರೆ ಕೆಲಸ ಅರ್ಧವೇ ಆದ ಹಾಗೆ.

ಹಸಿರುಕಡತ

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಎರಡು ಸಂಶಯ ಉಳಿದಿವೆ. ‘ಮಾರ್ಜಿನಲ್ ಅಬೇಟ್‌ಮೆಂಟ್ ಕಾಸ್ಟ್’ (ಇನ್ನೊಂದು ಟನ್ ತಗ್ಗಿಸಲು ತಗಲುವ ಖರ್ಚು) ನಕ್ಷೆಗಳಲ್ಲಿ ಗೆರೆ ಕೊನೆಯಲ್ಲಿ ಅಷ್ಟು ಕಡಿದಾಗಿ ಏರುವುದೇಕೆ? ಕೆಲವು ನಕ್ಷೆಗಳಲ್ಲಿ ಖರ್ಚು ಸೊನ್ನೆಗಿಂತ ಕೆಳಗೂ ಇದೆ, ಅದು ಮುದ್ರಣದೋಷವೇ? ಹಾಗೆಯೇ ನೋಟಿಸ್, ಆಸ್ಬೆಸ್ಟಾಸ್, ‘ಅನ್‌ಅಬೇಟೆಡ್’ ಇವಕ್ಕೆ ಉತ್ತರ ಬಾಕಿ ಇದೆ.

ಅಳತೆಗೋಲು (ಉತ್ತರ)

ಮುದ್ರಣದೋಷವಲ್ಲ. ಗೆರೆ ಏರುವುದರಿಂದ ಹೇಳುತ್ತೇನೆ.

ಸ್ಥಾಯಿವಿದ್ಯುತ್ ಶೋಧಕ, ಅಂದರೆ ಇಎಸ್‌ಪಿ, ಇದಕ್ಕೆ ಒಳ್ಳೆಯ ಉದಾಹರಣೆ. ಧೂಳಿಗೆ ವಿದ್ಯುದಾವೇಶ ಕೊಟ್ಟು ತಟ್ಟೆಗಳಿಗೆ ಎಳೆಯುವ ಯಂತ್ರ ಅದು. ಅದರ ತಟ್ಟೆಗಳ ಪ್ರತಿ ಸಮಾನ ಭಾಗ ತನ್ನ ಮುಂದೆ ಬಂದದ್ದರಲ್ಲಿ ಸಮಾನ ಪಾಲನ್ನು ಹಿಡಿಯುತ್ತದೆ. 100 ಕಿ.ಗ್ರಾಂ. ಧೂಳಿನಲ್ಲಿ ಶೇ 90 ಹಿಡಿಯಲು ಇಷ್ಟು ತಟ್ಟೆ ಬೇಕಾದರೆ, ಶೇ 99ಕ್ಕೆ ಅದರ ಎರಡರಷ್ಟು, ಶೇ 99.9ಕ್ಕೆ ಮೂರರಷ್ಟು. ಮೊದಲ ಪಾಲಿನ ತಟ್ಟೆ 90 ಕಿಲೋ ಹಿಡಿಯಿತು, ಎರಡನೆಯದು 9, ಮೂರನೆಯದು 0.9. ತಟ್ಟೆಯ ಖರ್ಚು ಒಂದೇ, ಆದರೆ ಕಿಲೋವಾರು ಖರ್ಚು ಪ್ರತಿ ಹಂತಕ್ಕೂ ಹತ್ತು ಪಟ್ಟು. ಇದು ಸಿದ್ಧಾಂತ. ವಾಸ್ತವದಲ್ಲಿ ದಪ್ಪ ಕಣಗಳು ಮೊದಲೇ ಸಿಕ್ಕಿಬಿದ್ದು ಸಣ್ಣವು ಉಳಿಯುವುದರಿಂದ, ತಟ್ಟೆ ಬಡಿದಾಗ ಒಂದಿಷ್ಟು ಧೂಳು ಮತ್ತೆ ಏಳುವುದರಿಂದ ಕೊನೆಯ ಹಂತಕ್ಕೆ ಇನ್ನೂ ಹೆಚ್ಚು ಬೇಕಾಗುತ್ತದೆ. ಸಾಲಾಗಿ ಇಟ್ಟ ಉಪಕರಣಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಶೇ 80ರ ಸೈಕ್ಲೋನ್ (ಅನಿಲವನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಉಪಕರಣ), ಅದರ ಹಿಂದೆ ಶೇ 99ರ ಶೋಧಕ ಎಂದರೆ ಕಾಗದದಲ್ಲಿ 0.20 × 0.01 ಉಳಿಯಿತು, ಶೇ 99.8. ಆದರೆ ಸೈಕ್ಲೋನ್ ದಪ್ಪ ಧೂಳನ್ನು ತಾನೇ ಹಿಡಿದು ಕಷ್ಟದ ಸಣ್ಣ ಧೂಳನ್ನಷ್ಟೇ ಹಿಂದಕ್ಕೆ ದಾಟಿಸುವುದರಿಂದ ಎರಡನೆಯದರ ಶೇ 99 ಹಾಗೆಯೇ ಉಳಿಯುತ್ತದೆ ಎನ್ನಲಾಗದು.

ಈ ಗೆರೆಯ ಬಳಕೆ ಏನು? ಎರಡು ಕಾರ್ಖಾನೆ ಸೇರಿ 40 ಟನ್ ತಗ್ಗಿಸಬೇಕು. ಮೊದಲನೆಯದಕ್ಕೆ ತಗ್ಗಿಸಿದ ಟನ್ನುಗಳ ವರ್ಗದಷ್ಟು ಖರ್ಚು, ಎರಡನೆಯದಕ್ಕೆ ಅದರ ಮೂರು ಪಟ್ಟು ಎಂದಿಟ್ಟುಕೊಳ್ಳಿ. ತಲಾ 20 ಎಂದು ಹಂಚಿದರೆ 400 + 1,200, ಒಟ್ಟು 1,600. ಮೊದಲನೆಯದು 30, ಎರಡನೆಯದು 10 ತಗ್ಗಿಸಿದರೆ 900 + 300, ಒಟ್ಟು 1,200. ಅದೇ 40 ಟನ್ ಕಾಲು ಭಾಗ ಕಡಿಮೆ ಖರ್ಚಿನಲ್ಲಿ ಇಳಿಯಿತು. ಕೊನೆಯ ಟನ್ನಿನ ಖರ್ಚು ಎರಡೂ ಕಡೆ ಸಮವಾಗುವ ಹಂತವದು. ಟನ್ನಿಗೆ ಇಷ್ಟೆಂದು ತೆರಿಗೆ ಹಾಕಿದಾಗ ನಡೆಯುವುದೂ ಇದೇ: ತೆರಿಗೆಗಿಂತ ತಗ್ಗಿಸುವುದು ಅಗ್ಗವಾಗಿರುವ ತನಕ ತಗ್ಗಿಸುತ್ತಾರೆ, ಆಮೇಲೆ ತೆರಿಗೆ ಕಟ್ಟುತ್ತಾರೆ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲಿ ಬಿಟ್ಟರೂ ಭೂಮಿಗೆಲ್ಲ ಬೆರೆಯುವ ಇಂಗಾಲದ ಡೈಆಕ್ಸೈಡಿಗೆ ಈ ಹಂಚಿಕೆ ಸರಿ. ಸೀಸ, ಪಾದರಸ, ಸಣ್ಣ ಧೂಳಿಗೆ ಸರಿಯಲ್ಲ. ಎರಡನೇ ಕಾರ್ಖಾನೆಯ ಬೇಲಿಗೆ ಅಂಟಿಕೊಂಡು ವಾಸಿಸುವವರಿಗೆ ಮೊದಲನೆಯದು 30 ಟನ್ ಇಳಿಸಿದ್ದರಿಂದ ಉಸಿರು ಹಗುರವಾಗುವುದಿಲ್ಲ.

ಸೊನ್ನೆಗಿಂತ ಕೆಳಗಿನವು ಹಣ ಉಳಿಸುವ ಕ್ರಮಗಳು: ಕಂಪ್ರೆಸರ್ ಲೈನಿನ ಸೋರಿಕೆ ಮುಚ್ಚುವುದು, ಉಗಿ ಪೈಪಿಗೆ ಹೊದಿಕೆ ಹಾಕುವುದು. ಆ ನಕ್ಷೆಯ ಕಂಬಗಳನ್ನು ಹಾಗೇ ಕೂಡಿಸಬೇಡಿ. ಬಾಯ್ಲರಿನ ಇಂಧನ ಬದಲಿಸಿದ ಮೇಲೆ ಪೈಪಿನ ಹೊದಿಕೆ ಉಳಿಸುವ ಹೊಗೆ ಮೊದಲಿನಷ್ಟಿರುವುದಿಲ್ಲ. ಎರಡನ್ನೂ ಪೂರ್ತಿ ಎಣಿಸಿದರೆ ಒಂದೇ ಟನ್ನು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ನೋಟಿಸಿನ ವಿಷಯಕ್ಕೆ ಬಂದರೆ, ಕಾನೂನಿನಲ್ಲಿ ಇದು ‘ಉಪದ್ರವ’ದ ಜತೆ ಬರುವ ಪದ. ಬ್ರಿಟನ್ನಿನ 1990ರ ಪರಿಸರ ಸಂರಕ್ಷಣಾ ಕಾಯ್ದೆಯ 80ನೇ ಕಲಮಿನ ಅಬೇಟ್‌ಮೆಂಟ್ ನೋಟಿಸ್ ಉಪದ್ರವವನ್ನು ನಿಲ್ಲಿಸು, ಮತ್ತೆ ಆಗಗೊಡಬೇಡ, ಇಲ್ಲವೇ ಮಿತಿಯಲ್ಲಿಡು ಎಂದು ಆದೇಶಿಸಬಹುದು. ಹಾಗಾಗಿ ಅಲ್ಲಿ ‘ತಗ್ಗಿಸುವ ನೋಟಿಸ್’ ಎಂದರೆ ಅರ್ಥ ಸಡಿಲವಾಗುತ್ತದೆ, ‘ಉಪದ್ರವ ನಿವಾರಣಾ ನೋಟಿಸ್’ ಎನ್ನಿ.

ಉಸಿರಿಗೆ ಸೇರಿದರೆ ಅಪಾಯವಾಗುವ ನಾರುಳ್ಳ ಖನಿಜವಾದ ಆಸ್ಬೆಸ್ಟಾಸಿನಲ್ಲಿ ಪದಕ್ಕೆ ಮೂರು ದಾರಿ: ಕಿತ್ತು ತೆಗೆಯುವುದು, ಲೇಪನ ಹಾಕಿ ನಾರು ಏಳದಂತೆ ಕಟ್ಟುವುದು, ಗಾಳಿಯಾಡದ ಗೋಡೆಯೊಳಗೆ ಮುಚ್ಚುವುದು. ತೆಗೆಯುವಾಗ ಒದ್ದೆ ಮಾಡಿಯೇ ತೆಗೆಯಬೇಕು, ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಒಳಗಿನ ಒತ್ತಡವನ್ನು ಹೊರಗಿಗಿಂತ 5 ಪಾಸ್ಕಲಿನಷ್ಟಾದರೂ ಕಡಿಮೆ ಇಡಬೇಕು, ಹೊರಬಿಡುವ ಗಾಳಿ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97 ಹಿಡಿಯುವ ಹೆಪಾ ಶೋಧಕ ದಾಟಬೇಕು. ಹಾಳೆ ಒಳಕ್ಕೆ ಉಬ್ಬಿ ನಿಂತಿದ್ದರೆ ಒತ್ತಡ ಇದೆ, ಜೋಲು ಬಿದ್ದಿದ್ದರೆ ನಾರು ಹೊರಗೆ ಬರುತ್ತಿದೆ ಎಂದೇ ತಿಳಿದು ಕೆಲಸ ನಿಲ್ಲಿಸಬೇಕು. ಸೀಸದ ಬಣ್ಣಕ್ಕೆ ಅಮೆರಿಕದ ನಿಯಮ ಇನ್ನೂ ಬಿಗಿ: ಕನಿಷ್ಠ 20 ವರ್ಷ ಬಾಳುವ ಶಾಶ್ವತ ಕ್ರಮಕ್ಕೆ ಮಾತ್ರ ಅಲ್ಲಿ ಅಬೇಟ್‌ಮೆಂಟ್ ಎಂಬ ಹೆಸರು. ಸುಮ್ಮನೆ ಮೇಲೆ ಹೊಸ ಬಣ್ಣ ಬಳಿದರೆ ಆ ಹೆಸರು ಸಲ್ಲದು.

ಶಬ್ದಕ್ಕೆ ಶೇಕಡಾವಾರು ಹೊಂದುವುದಿಲ್ಲ. ಒಂದೇ ತರದ ಎರಡು ಯಂತ್ರಗಳಲ್ಲಿ ಒಂದನ್ನು ನಿಲ್ಲಿಸಿದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅರ್ಧವಾಯಿತು ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ಧ್ವನಿಶಕ್ತಿಯ ಶೇ 90 ಹೋಗಬೇಕು.

‘ಅನ್‌ಅಬೇಟೆಡ್’ (ಹೊರಸೂಸುವಿಕೆ ತಗ್ಗಿಸದ) ಎಂಬುದು 2021ರ ಗ್ಲಾಸ್ಗೋ ಹವಾಮಾನ ಒಪ್ಪಂದದಲ್ಲಿ ಕಲ್ಲಿದ್ದಲಿಗೆ ಸೇರಿಕೊಂಡ ವಿಶೇಷಣ. ಎಷ್ಟು ಹಿಡಿದರೆ ‘ಅಬೇಟೆಡ್’ ಎಂದು ಅಲ್ಲಿ ಹೇಳಿರಲಿಲ್ಲ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ 2022ರ ವರದಿ ಅಡಿಟಿಪ್ಪಣಿಯಲ್ಲಿ ಉದಾಹರಣೆ ಕೊಟ್ಟಿತು: ವಿದ್ಯುತ್ ಸ್ಥಾವರದಲ್ಲಾದರೆ ಇಂಗಾಲದ ಡೈಆಕ್ಸೈಡಿನ ಶೇ 90 ಅಥವಾ ಹೆಚ್ಚು ಹಿಡಿಯುವುದು, ಇಂಧನ ಪೂರೈಕೆಯಲ್ಲಾದರೆ ಸೋರುವ ಮೀಥೇನಿನ ಶೇ 50ರಿಂದ 80 ತಡೆಯುವುದು. ಶೇ 30 ಹಿಡಿಯುವ ಘಟಕವನ್ನು ‘ಅಬೇಟೆಡ್’ ಎಂದು ಕರೆದ ಪ್ರಚಾರದ ಕಾಗದ ಬಂದರೆ ಅನುವಾದದಲ್ಲಿ ಆ ಶೇ 30 ಎಂಬ ಅಂಕಿಯನ್ನು ಪಕ್ಕದಲ್ಲೇ ಬರೆಯಿರಿ.

ಚಿಮಣಿಲೆಕ್ಕ

ಪದಗಳ ವಿಷಯ ಉಳಿಯಿತು. ಯಂತ್ರ, ದಕ್ಷತೆ, ಖರ್ಚು ಇವುಗಳ ಜತೆ ‘ತಗ್ಗಿಸುವಿಕೆ’ ಚೆನ್ನಾಗಿ ಕೂರುತ್ತದೆ: ಧೂಳು ತಗ್ಗಿಸುವ ಘಟಕ, ತಗ್ಗಿಸುವಿಕೆಯ ದಕ್ಷತೆ, ಕೊನೆಯ ಟನ್ ತಗ್ಗಿಸುವ ಖರ್ಚು. ಕಾನೂನಿಗೆ ನಿವಾರಣೆ. ಆಸ್ಬೆಸ್ಟಾಸ್, ಸೀಸಕ್ಕೆ ಯಾವ ಕ್ರಮವೋ ಅದನ್ನೇ ಹೆಸರಿಸಿ; ‘ತೆರವು’ ಎಂದು ಬರೆದು ಒಳಗೆ ಲೇಪನವಷ್ಟೇ ಹಾಕಿದ್ದರೆ ಓದುವವರ ಜೀವಕ್ಕೆ ಅಪಾಯ. ‘ಶಮನ’ ಎಂಬುದನ್ನು ಮಿಟಿಗೇಶನ್ನಿಗೆ ಬಿಟ್ಟುಕೊಡಿ, ಹವಾಮಾನದ ಬರಹಗಳಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ.

ಅಂಕಿ ಇರುವ ವಾಕ್ಯವಾದರೆ ಹೀಗೆ ಬರೆದು ನೋಡಿ: ‘ಈ ಶೋಧಕ ಗಂಟೆಗೆ 100 ಕಿ.ಗ್ರಾಂ. ಇದ್ದ ಧೂಳನ್ನು 1 ಕಿ.ಗ್ರಾಂ.ಗೆ ತಗ್ಗಿಸುತ್ತದೆ, ಹಿಡಿದ ಧೂಳು ಮುಚ್ಚಿದ ಸೈಲೋಗೆ ಹೋಗುತ್ತದೆ, ಬೈಪಾಸ್ ಗಂಟೆಗಳು ಲೆಕ್ಕದಲ್ಲಿ ಸೇರಿವೆ.’ ಮೂಲ ವರದಿಯಲ್ಲಿ ಈ ವಾಕ್ಯ ತುಂಬಲು ಬೇಕಾದ ಅಂಕಿಗಳೇ ಇಲ್ಲದಿದ್ದರೆ ‘ಶೇ 99’ ಎಂದಷ್ಟೇ ಅನುವಾದಿಸಿ ಮುಂದೆ ಹೋಗಬೇಡಿ, ಬರೆದವರನ್ನು ಕೇಳಿ ತರಿಸಿಕೊಳ್ಳಿ.